ಗೈಡ್ ಮಾತು ಪೂರ್ತಿ ನಂಬಬೇಡಿ, ಗೈಡ್ ಬಿಟ್ಟೂ ಹೋಗಬೇಡಿ

ದಕ್ಷಿಣ ಅಮೆರಿಕದಲ್ಲಿದ್ದೇವೆ ಅಂದ ಕೂಡಲೇ ಊರಿನವರ ಪ್ರಶ್ನೆ ಎರಡೇ. ಮಾಚು ಪಿಚು ನೋಡಿದ್ರಾ? ಅಮೆಜಾನ್ ಕಾಡಿಗೆ ಹೋಗಿದ್ರಾ? ಮಾಚು ಪಿಚು ಇರುವುದು ಪೆರುವಿನಲ್ಲಿ, ನಾವಿರುವುದು ಈಕ್ವೆಡಾರ್‌ನಲ್ಲಿ ಅಂತ ಹೇಳಿ ಹೇಳಿ ನನಗೂ ಸಾಕಾಗಿದೆ. ಇಲ್ಲಿನ ರಾಜಧಾನಿ ಕೀಟೊ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಯುನೆಸ್ಕೊ 1978ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಶುರು ಮಾಡಿದಾಗ ಮೊದಲ 12 ಜಾಗಗಳಲ್ಲಿ ಕೀಟೊದ ಹಳೇ ಊರೂ ಇತ್ತು. ನಮ್ಮ ಹಂಪಿ ಆ ಪಟ್ಟಿಗೆ ಸೇರಿದ್ದು 1986ರಲ್ಲಿ.

ನಮ್ಮನೆಯವರು ಇಲ್ಲಿ ಗುಲಾಬಿ ತೋಟದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾರೆ. ನೆಂಟರು ಬರಲಿ, ಆಫೀಸಿನ ಕಡೆಯವರು ಬರಲಿ, ಸುತ್ತಾಡಿಸುವ ಜವಾಬ್ದಾರಿ ನನ್ನ ತಲೆಗೆ. ಹಾಗಾಗಿ ಗೈಡ್‌ಗಳ ಮಾತು ಕೇಳಿ ಕೇಳಿ ನನಗೂ ಒಂದು ಅಂದಾಜು ಸಿಕ್ಕಿಬಿಟ್ಟಿದೆ. ಗೈಡ್ ಇಲ್ಲದೆ ಕೀಟೊ ನೋಡಿದರೆ ಕಣ್ಣಿಗೆ ಬೀಳುವುದು ಬರೀ ಚರ್ಚು ಮತ್ತು ಏರು ರಸ್ತೆ. ಗೈಡ್ ಹೇಳಿದ್ದನ್ನೆಲ್ಲ ನಂಬಿದರೆ ಇಡೀ ಊರೇ ಪವಾಡ! ಹೋದ ಸಲ ಅತ್ತೆ ಬಂದಿದ್ದರು. ಅವರು ಯಾವುದನ್ನೂ ಸುಲಭಕ್ಕೆ ನಂಬುವವರಲ್ಲ. ಅವರ ಜೊತೆ ಸುತ್ತಿದ್ದು ಒಳ್ಳೆಯದೇ ಆಯಿತು.

ಟೂರ್ ಬುಕ್ ಮಾಡುವ ಮೊದಲು ಒಂದು ಮಾತು. ಕೀಟೊ ಇರುವುದು 2,850 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ಒಂದೂವರೆಯಷ್ಟು ಅಂದುಕೊಳ್ಳಿ. ಇಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದಿದ್ದರೆ ತೊಗರಿಬೇಳೆ ಮಧ್ಯಾಹ್ನದವರೆಗೂ ಬೇಯುವುದಿಲ್ಲ. ಬಂದ ದಿನವೇ ಸುತ್ತಾಟಕ್ಕೆ ಹೊರಟರೆ ತಲೆನೋವು, ಏದುಸಿರು ಗ್ಯಾರಂಟಿ. ಒಂದು ದಿನ ಸುಮ್ನೆ ಮನೆಯಲ್ಲಿರಿ, ನೀರು ಕುಡಿಯಿರಿ, ರಾತ್ರಿ ಕಡಿಮೆ ಊಟ ಮಾಡಿ. ಚಳಿ ಇದೆ ಅಂತ ಬಿಸಿಲನ್ನು ಮರೆಯಬೇಡಿ. ಎತ್ತರವೂ ಜಾಸ್ತಿ, ಸೂರ್ಯನೂ ನೆತ್ತಿಯ ಮೇಲೆ. ಟೋಪಿ ಇಲ್ಲದೆ ಹೋದವರ ಮೂಗು ಸಂಜೆಗೆ ಸುಲಿದಿರುತ್ತದೆ.

ಹಳೇ ಊರನ್ನು ನಡೆದೇ ನೋಡಬೇಕು. ದಿನಾ ಬೆಳಿಗ್ಗೆ ನಡಿಗೆ ಟೂರ್‌ಗಳು ಹೊರಡುತ್ತವೆ. ಕೆಲವಕ್ಕೆ ಟಿಕೆಟ್ ಇಲ್ಲ, ಕೊನೆಗೆ ಮನಸ್ಸಿಗೆ ಬಂದಷ್ಟು ಕೊಡುವುದು. ಪ್ಲಾಸಾ ಗ್ರಾಂದೆ ಅನ್ನುವ ದೊಡ್ಡ ಚೌಕದ ಒಂದು ಬದಿಗೆ ಅಧ್ಯಕ್ಷರ ಅರಮನೆ, ಇನ್ನೊಂದು ಬದಿಗೆ ಕ್ಯಾಥೆಡ್ರಲ್. 1875ರಲ್ಲಿ ಅಧ್ಯಕ್ಷರಾಗಿದ್ದ ಗಾರ್ಸಿಯಾ ಮೊರೆನೊ ಅವರನ್ನು ಹಾಡಹಗಲೇ ಮಚ್ಚಿನಿಂದ ಕೊಚ್ಚಿದ್ದು ಆ ಅರಮನೆಯ ಬಾಗಿಲಲ್ಲೇ. ಗೈಡ್‌ಗಳು ಈ ಕತೆಯನ್ನು ಕೈ ಬೀಸಿ ಬೀಸಿ ಹೇಳುತ್ತಾರೆ. ಬೆಂಚಿನ ಮೇಲೆ ಪೇಪರ್ ಓದುತ್ತಾ ಶೂ ಪಾಲಿಶ್ ಮಾಡಿಸಿಕೊಳ್ಳುವ ಅಜ್ಜಂದಿರು ಮಾತ್ರ ತಲೆ ಎತ್ತಿಯೂ ನೋಡುವುದಿಲ್ಲ.

ಅಲ್ಲಿಂದ ಎರಡು ಹೆಜ್ಜೆಗೆ ಲಾ ಕೊಂಪಾನ್ಯಿಯಾ, ಜೆಸ್ಯುಯಿಟರು ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಪಂಗಡದ ಚರ್ಚು. 1605ರಲ್ಲಿ ಶುರು ಮಾಡಿ 1765ರಲ್ಲಿ ಮುಗಿಸಿದರು. 160 ವರ್ಷ! ಮುಗಿದ ಎರಡೇ ವರ್ಷಕ್ಕೆ, ಆಗ ಇಲ್ಲಿ ಆಳುತ್ತಿದ್ದ ಸ್ಪೇನಿನ ರಾಜ ಜೆಸ್ಯುಯಿಟರನ್ನೇ ದೇಶದಿಂದ ಹೊರಗೆ ಹಾಕಿದ. ಒಳಗೆ ಕಾಲಿಟ್ಟರೆ ಗೋಡೆ, ಕಂಬ, ಚಾವಣಿ ಎಲ್ಲ ಬಂಗಾರದ ರೇಕು. "ಇಷ್ಟು ಚಿನ್ನ ಯಾರದಮ್ಮಾ?" ಅಂತ ಅತ್ತೆ ಕೇಳಿದರು. ನಾನು ಸ್ಪ್ಯಾನಿಷಿಗೆ ತಿರುಗಿಸಿ ಗೈಡ್‌ಗೆ ಕೇಳಿದೆ. ಆ ಹುಡುಗಿ ನಕ್ಕು, "ಅಗೆದವರು ಒಬ್ಬರು, ಮೆತ್ತಿದವರು ಒಬ್ಬರು, ಹೆಸರು ಬಂದದ್ದು ಮೂರನೆಯವರಿಗೆ" ಅಂದಳು. ಅವಳ ಬಗ್ಗೆ ಅತ್ತೆಗೆ ಗೌರವ ಬಂದದ್ದು ಆಗಲೇ.

ಆಮೇಲೆ ಅವಳು ನಮ್ಮನ್ನು ಬಾಗಿಲ ಹತ್ತಿರ ನಿಲ್ಲಿಸಿ ಮೇಲಿನ ಅಟ್ಟಕ್ಕೆ ಹತ್ತುವ ಮೆಟ್ಟಿಲು ತೋರಿಸಿದಳು. ಎದುರಿಗೆ, ಇನ್ನೊಂದು ಬದಿಯಲ್ಲಿ, ಥೇಟ್ ಅದೇ ಮೆಟ್ಟಿಲು. ಹತ್ತಿರ ಹೋದರೆ ಅದು ಮೆಟ್ಟಿಲಲ್ಲ, ಗೋಡೆಗೆ ಬರೆದ ಚಿತ್ರ! ಎರಡೂ ಬದಿ ಒಂದೇ ಸಮ ಕಾಣಲಿ ಅಂತ ಬರೆಸಿದ್ದಂತೆ. ನಾನು ಅಲ್ಲಿಗೆ ಅಷ್ಟು ಸಲ ಹೋಗಿದ್ದರೂ ಬೇರೆ ಯಾವ ಗೈಡೂ ಅದರ ಮುಂದೆ ನಿಲ್ಲಿಸಿರಲಿಲ್ಲ. ಅಲ್ಲೇ ನರಕದ ದೊಡ್ಡ ಚಿತ್ರವೂ ಇದೆ. ಯಾವ ಪಾಪಕ್ಕೆ ಯಾವ ಶಿಕ್ಷೆ ಅಂತ ಹೆಸರು ಸಮೇತ ಬರೆದಿದ್ದಾರೆ. ಮೂಲ ಚಿತ್ರ 1620ರದು, ಈಗಿರುವುದು 19ನೇ ಶತಮಾನದಲ್ಲಿ ಅದನ್ನು ನೋಡಿ ಬರೆದದ್ದು. ಅತ್ತೆ ಅದರ ಮುಂದೆಯೇ ಜಾಸ್ತಿ ಹೊತ್ತು ನಿಂತರು.

ಸಾನ್ ಫ್ರಾನ್ಸಿಸ್ಕೊ ಚರ್ಚಿನ ಅಂಗಳಕ್ಕೆ ಬಂದರೆ ಕಾಂತುನ್ಯಾನ ಕತೆ ಶುರು. ಈತ ಇಲ್ಲಿನ ಮೂಲನಿವಾಸಿ, ಅಂಗಳ ಕಟ್ಟುವ ಗುತ್ತಿಗೆ ಹಿಡಿದಿದ್ದ. ಹೇಳಿದ ದಿನಕ್ಕೆ ಮುಗಿಯುವ ಹಾಗಿರಲಿಲ್ಲ. ಆತ್ಮ ಕೊಡುತ್ತೇನೆ, ಬೆಳಗಾಗುವುದರೊಳಗೆ ಕಟ್ಟಿಕೊಡು ಅಂತ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡ. ಆದರೆ ಒಂದು ಕಲ್ಲನ್ನು ಉಪಾಯವಾಗಿ ಬಚ್ಚಿಟ್ಟ. ಕೆಲಸ ಪೂರ್ತಿಯಾಗಲಿಲ್ಲ, ಆತ್ಮ ಉಳಿಯಿತು. ಆ ಕಲ್ಲಿಲ್ಲದ ಜಾಗ ಎಲ್ಲಿ ಅಂತ ಮಾತ್ರ ಒಬ್ಬೊಬ್ಬ ಗೈಡ್ ಒಂದೊಂದು ಮೂಲೆ ತೋರಿಸುತ್ತಾರೆ. ಸುಳ್ಳಾದರೂ ನನಗಿಷ್ಟವಾದ ಸುಳ್ಳು ಇದು. ಈಗ ಆ ಚೌಕದ ಕೆಳಗೇ ಮೆಟ್ರೋ ಸ್ಟೇಷನ್ ಇದೆ. 2023ರ ಡಿಸೆಂಬರ್‌ನಲ್ಲಿ ಶುರುವಾಯಿತು, ಟಿಕೆಟ್ 45 ಸೆಂಟ್. ಹೌದು, ಇಲ್ಲಿ ನಡೆಯುವುದು ಅಮೆರಿಕದ ಡಾಲರೇ. ಸ್ವಂತ ನಾಣ್ಯ ಸುಕ್ರೆ ಬೆಲೆ ಕಳೆದುಕೊಂಡ ಮೇಲೆ 2000ನೇ ಇಸವಿಯಲ್ಲಿ ಡಾಲರಿಗೆ ಬದಲಾದರು.

ನಡಿಗೆಯ ಕೊನೆಗೆ ಕೊಲಾಸಿಯೋನ್ ಅನ್ನುವ ಮಿಠಾಯಿ ಅಂಗಡಿಗೆ ಕರೆದುಕೊಂಡು ಹೋಗುವ ಗೈಡ್ ಸಿಕ್ಕರೆ ಬಿಡಬೇಡಿ. ದೊಡ್ಡ ಕಂಚಿನ ಬಾಣಲೆಯನ್ನು ಹಗ್ಗದಿಂದ ನೇತುಹಾಕಿರುತ್ತಾರೆ. ಕೆಳಗೆ ಕೆಂಡ, ಒಳಗೆ ಹುರಿದ ಕಡಲೆಕಾಯಿ ಬೀಜ. ಮಿಠಾಯಿ ಮಾಡುವವರು ಬಾಣಲೆಯನ್ನು ತೊಟ್ಟಿಲಿನ ಹಾಗೆ ತೂಗುತ್ತಾ ಸ್ವಲ್ಪ ಸ್ವಲ್ಪವೇ ಸಕ್ಕರೆ ಪಾಕ ಸುರಿಯುತ್ತಾರೆ. ಬೀಜ ಉರುಳಿ ಉರುಳಿ ಬೆಳ್ಳಗಾಗುತ್ತದೆ. ಅತ್ತೆ ಒಂದು ಬಾಯಿಗೆ ಹಾಕಿಕೊಂಡು, "ಇದು ನಮ್ಮ ಸಂಕ್ರಾಂತಿ ಕುಸುರೆಳ್ಳಿನ ಅಣ್ಣ ಕಣೇ" ಅಂದರು. ನಿಜ, ಮಾಡುವ ಕ್ರಮವೂ ಹೆಚ್ಚುಕಡಿಮೆ ಅದೇ.

ಬಸಿಲಿಕಾ ಅನ್ನುವ ಇನ್ನೊಂದು ಚರ್ಚಿನಲ್ಲಿ ಗೋಡೆಯಿಂದ ಚಾಚಿಕೊಂಡಿರುವ ಮೂತಿಗಳು ಈ ದೇಶದ್ದೇ ಪ್ರಾಣಿಗಳು. ಆಮೆ, ಇಗ್ವಾನಾ, ಆರ್ಮಡಿಲೊ. ಗೋಪುರ ಹತ್ತಬೇಕಾದರೆ ಚಾವಣಿಯ ಮೇಲೆ ಹಲಗೆಯ ದಾರಿ, ಆಮೇಲೆ ಕಬ್ಬಿಣದ ಏಣಿ. ಮಂಡಿನೋವಿನವರು ಕೆಳಗೇ ಕೂತು ಕಾಫಿ ಕುಡಿಯಿರಿ. ಪನೆಸಿಯೊ ಗುಡ್ಡದ ಮೇಲೆ ರೆಕ್ಕೆಯಿರುವ ಮೇರಿಮಾತೆ ನಿಂತಿದ್ದಾಳೆ, ಸುಮಾರು 7,000 ಅಲ್ಯೂಮಿನಿಯಂ ತುಂಡು ಜೋಡಿಸಿ ಮಾಡಿದ್ದು. ಮುಖ ಉತ್ತರಕ್ಕಿದೆ. ದಕ್ಷಿಣದ ಬಡಾವಣೆಗಳವರು "ಅಮ್ಮ ನಮಗೆ ಬೆನ್ನು ತೋರಿಸಿದ್ದಾಳೆ" ಅಂತ ಇವತ್ತಿಗೂ ಗೊಣಗುತ್ತಾರೆ. ಆ ಗುಡ್ಡಕ್ಕೆ ನಡೆದು ಹತ್ತಬೇಡಿ, ದಾರಿಯಲ್ಲಿ ಕಳ್ಳರ ಕಾಟ. ಟ್ಯಾಕ್ಸಿ ಮಾಡಿ.

ಇನ್ನು ಎಲ್ಲರೂ ಹೋಗಲೇಬೇಕು ಅನ್ನುವ ಜಾಗ, ಭೂಮಧ್ಯರೇಖೆ. ಊರಿನಿಂದ ಉತ್ತರಕ್ಕೆ ಒಂದು ಗಂಟೆಯೊಳಗಿನ ದಾರಿ. ಮಿತಾದ್ ದೆಲ್ ಮುಂದೊ ಅಂತ 30 ಮೀಟರ್ ಎತ್ತರದ ಸ್ಮಾರಕ, ಅದರ ಮೇಲೊಂದು ಗೋಳ, ನೆಲಕ್ಕೊಂದು ಹಳದಿ ಗೆರೆ. ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಇಟ್ಟು ಫೋಟೋ ತೆಗೆಸಿಕೊಳ್ಳಲು ಕ್ಯೂ. ಜಿಪಿಎಸ್ ಪ್ರಕಾರ ನಿಜವಾದ ರೇಖೆ ಹಾದುಹೋಗುವುದು ಅಲ್ಲಿಂದ ಸುಮಾರು 240 ಮೀಟರ್ ಉತ್ತರಕ್ಕೆ. "ಫ್ರೆಂಚರು ಲೆಕ್ಕ ತಪ್ಪಿದರು" ಅಂತ ಗೈಡ್‌ಗಳು ನಗಿಸುತ್ತಾರೆ. ನನಗೆ ಈ ತಮಾಷೆ ಹಿಡಿಸುವುದಿಲ್ಲ. ಫ್ರೆಂಚ್ ವಿಜ್ಞಾನಿಗಳು 1736ರಲ್ಲಿ ಇಲ್ಲಿಗೆ ಬಂದದ್ದು ಹಳದಿ ಗೆರೆ ಎಳೆಯಲು ಅಲ್ಲ. ಭೂಮಿ ಧ್ರುವಗಳ ಹತ್ತಿರ ಚಪ್ಪಟೆಯಾ ಅಥವಾ ಚೂಪಾ ಅಂತ ಯುರೋಪಿನಲ್ಲಿ ದೊಡ್ಡ ಜಗಳ ನಡೆಯುತ್ತಿತ್ತು. ಅದನ್ನು ಬಗೆಹರಿಸಲು ಲಾ ಕೊಂದಮೀನ್, ಬೂಗೆ, ಗೊದ್ಯಾಂ ಮೂವರ ಮುಂದಾಳತ್ವದ ತಂಡ ಈ ಬೆಟ್ಟಗಳ ಮೇಲೆ ವರ್ಷಗಟ್ಟಲೆ ಚಳಿಯಲ್ಲಿ ಒದ್ದಾಡಿ, ತ್ರಿಕೋನದ ಲೆಕ್ಕ ಹಾಕಿ ನೆಲ ಅಳೆಯಿತು. ನ್ಯೂಟನ್ ಹೇಳಿದ್ದೇ ಸರಿ, ಚಪ್ಪಟೆ ಅಂತ ಗೊತ್ತಾಯಿತು. ಬ್ರಿಟಿಷ್ ಸರ್ವೇಯರ್ ಲ್ಯಾಂಬ್ಟನ್ ಸಾಹೇಬ ನಮ್ಮ ಬೆಂಗಳೂರಿನ ಹತ್ತಿರ ಸರಪಳಿ ಹಿಡಿದು ಅಳತೆ ಶುರು ಮಾಡಿದ್ದು 1800ರಲ್ಲಿ, ಇವರಿಗಿಂತ ಅರವತ್ತು ವರ್ಷಕ್ಕೂ ಹೆಚ್ಚು ತಡವಾಗಿ. ಇಲ್ಲಿನ ಮೊದಲ ಸ್ಮಾರಕ ಕಟ್ಟಿದ್ದು ಫ್ರೆಂಚರು ಬಂದು 200 ವರ್ಷವಾದ ನೆನಪಿಗೆ, 1936ರಲ್ಲಿ. ಈಗಿರುವುದು 1982ರದು. ಗೆರೆ ತಪ್ಪಿದ್ದರೆ ಅದರಲ್ಲಿ ಆ ಬಡಪಾಯಿಗಳ ಪಾತ್ರ ಏನೂ ಇಲ್ಲ.

ಸ್ಮಾರಕದ ಆಚೆ ಟೂರ್‌ನವರು ಮೊಟ್ಟೆ, ನೀರಿನ ಆಟ ತೋರಿಸುತ್ತಾರೆ. ಒಂದು ತೊಟ್ಟಿಗೆ ನೀರು ತುಂಬಿ, ನಾಲ್ಕು ಎಲೆ ಹಾಕಿ, ಬಿರಡೆ ಎಳೆಯುತ್ತಾರೆ. ಗೆರೆಯ ಮೇಲೆ ನೀರು ನೇರ ಇಳಿಯುತ್ತದೆ. ತೊಟ್ಟಿಯನ್ನು ಎರಡು ಮಾರು ದಕ್ಷಿಣಕ್ಕೆ ಒಯ್ದರೆ ಎಲೆ ಒಂದು ಕಡೆ ಸುತ್ತುತ್ತದೆ, ಉತ್ತರಕ್ಕೆ ಒಯ್ದರೆ ಇನ್ನೊಂದು ಕಡೆ. ಜನ ಚಪ್ಪಾಳೆ ಹೊಡೆಯುತ್ತಾರೆ. ಅತ್ತೆ ನೋಡಿದ್ದು ನೀರನ್ನಲ್ಲ, ಗೈಡ್ ಕೈಯನ್ನು. "ಅವನು ಬಕೆಟ್ ಎತ್ತಿ ಸುರಿಯೋದು ನೋಡು. ಒಂದ್ಸಲ ಎಡಗಡೆಯಿಂದ, ಒಂದ್ಸಲ ಬಲಗಡೆಯಿಂದ." ಅಷ್ಟೇ ಗುಟ್ಟು! ಭೂಮಿ ತಿರುಗುವುದರಿಂದ ಚಂಡಮಾರುತ ಸುತ್ತುವುದು ನಿಜ, ಆದರೆ ತೊಟ್ಟಿಯಷ್ಟು ನೀರಿಗೆ ಅದು ತಟ್ಟುವುದೇ ಇಲ್ಲ, ಅದರಲ್ಲೂ ಎರಡು ಮಾರು ದೂರದಲ್ಲಿ. ಮೊಳೆಯ ತಲೆಯ ಮೇಲೆ ಮೊಟ್ಟೆ ನಿಲ್ಲಿಸುವುದೂ ಅಷ್ಟೇ. ತಾಳ್ಮೆ ಇದ್ದರೆ ಮಂಡ್ಯದಲ್ಲೂ ನಿಲ್ಲುತ್ತದೆ.

ಬೇಜಾರೇನೆಂದರೆ, ಇಲ್ಲಿ ನಿಜವಾಗಿಯೂ ತೋರಿಸುವಂಥದ್ದು ಬೇಕಾದಷ್ಟಿದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಶೂನ್ಯ ನೆರಳಿನ ದಿನ ಅಂತ ಮಕ್ಕಳೆಲ್ಲ ಲೋಟ, ಬಾಟಲಿ ಇಟ್ಟು ನೋಡುತ್ತಾರಲ್ಲ, ಇಲ್ಲಿ ಅದು ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಹಗಲು ರಾತ್ರಿ ಸಮ ಆಗುವ ದಿನವೇ ಬರುತ್ತದೆ. ವರ್ಷಪೂರ್ತಿ ಹಗಲು ಹೆಚ್ಚುಕಡಿಮೆ ಹನ್ನೆರಡೇ ಗಂಟೆ. ಸೂರ್ಯ ನೆಟ್ಟಗೆ ಇಳಿಯುವುದರಿಂದ ಮುಸ್ಸಂಜೆ ಅನ್ನುವುದು ಬಂದದ್ದೂ ಗೊತ್ತಾಗುವುದಿಲ್ಲ, ದೀಪ ಹಚ್ಚುವುದರೊಳಗೆ ಕತ್ತಲು. ಇದನ್ನೆಲ್ಲ ತಿಳಿಯಬೇಕು ಅಂದರೆ ಕಾಯಾಂಬೆ ದಾರಿಯಲ್ಲಿರುವ ಕಿತ್ಸಾತೊಗೆ ಹೋಗಿ. ನಿಜವಾದ ರೇಖೆಯ ಮೇಲೇ ದೊಡ್ಡ ನೆರಳು ಗಡಿಯಾರ ಮಾಡಿದ್ದಾರೆ. ನೆಲವೇ ಗಡಿಯಾರದ ಮುಖ, ನಡುವೆ 10 ಮೀಟರಿನ ಕಂಬ. ಅಲ್ಲಿನ ಹುಡುಗರು ಮೊಟ್ಟೆ ಹಿಡಿದು ಬರುವುದಿಲ್ಲ. ನೆರಳು ತೋರಿಸಿ ಮಾತಾಡುತ್ತಾರೆ.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ಒತಾವಾಲೊ, ಕೀಟೊದಿಂದ ಎರಡು ಗಂಟೆ. ಶನಿವಾರದ ಸಂತೆ ಹೆಸರುವಾಸಿ. ಇಲ್ಲಿನ ಕಿಚ್ವಾ ಜನ ನೇಯ್ಗೆಯವರು, ವ್ಯಾಪಾರದಲ್ಲೂ ಗಟ್ಟಿಗರು. ಗಂಡಸರಿಗೂ ಉದ್ದ ಜಡೆ. ಹೆಂಗಸರು ಕಸೂತಿಯ ಬಿಳಿ ರವಿಕೆ ಹಾಕಿ, ಕತ್ತಿನ ತುಂಬ ಚಿನ್ನದ ಬಣ್ಣದ ಮಣಿಸರ ತೊಡುತ್ತಾರೆ. ಸಂತೆಯಲ್ಲಿ ಮೆಷಿನ್ ಮಾಲೂ ಬೆರೆತಿರುತ್ತದೆ. ಹಾಗಾಗಿ ಪೆಗುಚೆ ಕಡೆ ನೇಕಾರರ ಮನೆಗೆ ಕರೆದುಕೊಂಡು ಹೋಗುವ ಟೂರ್ ಆರಿಸಿಕೊಳ್ಳಿ. ನಾವು ಹೋದ ಮನೆಯಲ್ಲಿ ಆಕೆ ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಪುಟ್ಟ ಒಣ ಹುಳಗಳನ್ನು ಅಂಗೈಯಲ್ಲಿಟ್ಟು ಉಜ್ಜಿದರು. ಕೈಯೆಲ್ಲ ಕಡುಗೆಂಪು. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದ ಕೂಡಲೇ ಕಿತ್ತಳೆ ಬಣ್ಣ. ರೇಷ್ಮೆ ಸೀರೆಯ ವಿಷಯದಲ್ಲಿ ಯಾವ ಅಂಗಡಿಯವನನ್ನೂ ಬಿಡದ ಅತ್ತೆ ಕೇಳಿದ್ದು ಒಂದೇ, "ಬಣ್ಣ ಬಿಡತ್ತಾ ಕೇಳು." ಆಕೆ ಒಂದು ಶಾಲಿನ ಅಂಚನ್ನು ನೀರಿಗೆ ಅದ್ದಿ, ಬಿಳಿ ಬಟ್ಟೆಗೆ ಒತ್ತಿ ತೋರಿಸಿದರು. ಬಿಡಲಿಲ್ಲ. ಆಮೇಲೆ ಚೌಕಾಸಿ ಶುರುವಾಯಿತು, ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಆದರೂ ಲೆಕ್ಕ ಸರಿಯಾಗಿಯೇ ಮುಗಿಯಿತು. ವಾಪಸ್ ಬರುವಾಗ ಕಾಯಾಂಬೆಯಲ್ಲಿ ಬಿಸ್ಕೋಚೊ ಅನ್ನುವ ಗರಿಗರಿ ಬಿಸ್ಕತ್ತು ಸಿಗುತ್ತದೆ. ಚೀಸ್ ಎಳೆಗಳ ಜೊತೆ ತಿನ್ನಬೇಕು, ಬಿಸಿ ಇದ್ದಾಗಲೇ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ತೆಲೆಫೆರಿಕೊ ಅನ್ನುವ ರೋಪ್‌ವೇ ಪಿಚಿಂಚಾ ಬೆಟ್ಟದ ಮೇಲೆ 3,900 ಮೀಟರ್ ದಾಟಿಸುತ್ತದೆ, ಬೆಳಿಗ್ಗೆಯೇ ಹೋಗಿ. 1822ರಲ್ಲಿ ಸ್ಪೇನಿನವರನ್ನು ಸೋಲಿಸಿದ ಯುದ್ಧ ನಡೆದದ್ದು ಇದೇ ಬೆಟ್ಟದ ಇಳಿಜಾರಿನಲ್ಲಿ. ಕೊತೊಪಾಕ್ಸಿ 5,897 ಮೀಟರಿನ ಹಿಮದ ಜ್ವಾಲಾಮುಖಿ, ಆಗಾಗ ಹೊಗೆ ಉಗುಳುತ್ತದೆ, ಹೋಗುವ ಮೊದಲು ದಾರಿ ತೆರೆದಿದೆಯಾ ಕೇಳಿಕೊಳ್ಳಿ. ಪಕ್ಷಿ ಇಷ್ಟವಿರುವವರು ಮಿಂದೊ ಕಾಡಿಗೆ ಹೋಗಿ, ಹಮ್ಮಿಂಗ್‌ಬರ್ಡ್‌ಗಳು ಕಿವಿ ಪಕ್ಕದಲ್ಲೇ ಹಾರುತ್ತವೆ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಆಲೂಗಡ್ಡೆ, ಚೀಸ್ ಹಾಕಿದ ಲೋಕ್ರೊ ಸೂಪು, ಜೋಳ ರುಬ್ಬಿ ಎಲೆಯಲ್ಲಿ ಬೇಯಿಸುವ ಉಮಿತಾ ಎಲ್ಲ ಕಡೆ ಸಿಗುತ್ತದೆ. ಮಾಂಸದ ಸಾರು ಹಾಕಿಲ್ಲ ತಾನೇ ಅಂತ ಮಾತ್ರ ಎರಡು ಸಲ ಕೇಳಿ. ಮೊಬೈಲ್ ಕೈಯಲ್ಲಿ ಹಿಡಿದು ನಡೆಯಬೇಡಿ. ಕತ್ತಲಾದ ಮೇಲೆ ಹಳೇ ಊರಿನ ಗಲ್ಲಿಗಳಲ್ಲಿ ಒಬ್ಬರೇ ಓಡಾಡುವುದೂ ಬೇಡ. ಈಚೆಗೆ ದೇಶದಲ್ಲಿ ಗ್ಯಾಂಗ್‌ಗಳ ಗಲಾಟೆ ಜಾಸ್ತಿಯಾಗಿದೆ, ಸುದ್ದಿ ನೋಡಿಕೊಂಡು ಪ್ಲಾನ್ ಮಾಡಿ.

ಟೂರ್ ಕಂಪನಿಗಳು ಊರ ತುಂಬ ಇವೆ, ಎಲ್ಲರ ಬೋರ್ಡ್ ಮೇಲೂ ಅದೇ ಫೋಟೋಗಳು. ನಾನು ಕೇಳುವ ಪ್ರಶ್ನೆ ಒಂದೇ. ಭೂಮಧ್ಯರೇಖೆಯ ಹತ್ತಿರ ಪುಲುಲಾವಾ ಅಂತ ಹಳೇ ಜ್ವಾಲಾಮುಖಿಯ ಬಾಯಿ ಇದೆ. ಅದರೊಳಗೇ ಜನ ಮನೆ ಕಟ್ಟಿಕೊಂಡು ಹೊಲ ಮಾಡಿದ್ದಾರೆ. ಮಧ್ಯಾಹ್ನವಾದರೆ ಮಂಜು ನುಗ್ಗಿ ಎಲ್ಲ ಮುಚ್ಚಿಹೋಗುತ್ತದೆ. "ಪುಲುಲಾವಾಗೆ ಎಷ್ಟು ಹೊತ್ತಿಗೆ ಕರೆದುಕೊಂಡು ಹೋಗ್ತೀರಿ?" ಅನ್ನುತ್ತೇನೆ. "ಊಟ ಆದ ಮೇಲೆ" ಅಂದರೆ ಥ್ಯಾಂಕ್ಸ್ ಹೇಳಿ ಪಕ್ಕದ ಅಂಗಡಿಗೆ ಹೋಗುತ್ತೇನೆ.