ಹತ್ತಿರ ಹೋದರೆ ನೀಲಿ ಗಾಜು

ಇವತ್ತು ಸಂಜೆ ಗಾಡಿ ಸ್ಟೇಷನ್ ಹೊರಗೇ ನಿಂತುಬಿಟ್ಟಿತ್ತು. ಕೆಂಪು ದೀಪ ನೋಡುತ್ತಾ ಕೂತಾಗ ಹಳೆಯ ಕೈಮರ ನೆನಪಾಯಿತು, ಕೈಯಂಥ ಪಟ್ಟಿ ಇರುವ ರೈಲ್ವೆ ಸಿಗ್ನಲ್ ಕಂಬ. ಕೈ ಅಡ್ಡಕ್ಕಿದ್ದರೆ ನಿಲ್ಲು, ಇಳಿದರೆ ಹೊರಡು. ಅದರ ಹಸಿರು ಗಾಜು ಹತ್ತಿರದಿಂದ ನೀಲಿ ನೀಲಿಯಾಗಿ ಕಾಣುತ್ತದೆ. ಹಿಂದೆ ಉರಿಯುವ ಸೀಮೆಎಣ್ಣೆ ದೀಪ ಹಳದಿ ಅಲ್ವಾ, ಎರಡೂ ಸೇರಿ ದೂರಕ್ಕೆ ಹಸಿರು.

ಮೊದಲು ಹೀಗಿರಲಿಲ್ಲ. ಇಂಗ್ಲೆಂಡಿನಲ್ಲಿ ಆಗ ಬಿಳಿ ದೀಪ ಅಂದರೆ ಹೊರಡು. ಕೆಂಪು ಗಾಜು ಒಡೆದರೂ ಬಿಳಿಯೇ ಕಾಣುವುದು, ಎಂಥ ಅಪಾಯ! ಕೈ ಸಾಮಾನ್ಯವಾಗಿ ಇಳಿದೇ ಇರುತ್ತಿತ್ತು, ಕಂಬದ ಸೀಳಿನೊಳಗೆ. 1876ರ ಜನವರಿ 21ರ ಸಂಜೆ, ಅಲ್ಲಿನ ಅಬಟ್ಸ್ ರಿಪ್ಟನ್ ಅನ್ನುವ ಊರು. ಜೋರು ಹಿಮ. ಸಿಗ್ನಲ್‌ನವನು 'ನಿಲ್ಲು' ಅಂತ ತೋರಿಸಲು ಲಿವರ್ ಹಾಕಿದ. ಹಿಮ ಗಟ್ಟಿಯಾಗಿ ಕೈ ಏಳಲೇ ಇಲ್ಲ. ಎಕ್ಸ್‌ಪ್ರೆಸ್ ಬಂದು ಕಲ್ಲಿದ್ದಲು ಗಾಡಿಗೆ ಗುದ್ದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಎಕ್ಸ್‌ಪ್ರೆಸ್ ಬಂದು ಅದೇ ರಾಶಿಗೆ ನುಗ್ಗಿತು.

ಆಮೇಲೆ ಪದ್ಧತಿಯೇ ತಿರುಗಿತು. ಸುಮ್ನೆ ಇರುವಾಗ ಕೈ 'ನಿಲ್ಲು' ಅಂತಲೇ ಇರಬೇಕು. ನಮ್ಮ ಕೈಮರದಲ್ಲೂ ಅಷ್ಟೇ, ತಂತಿ ತುಂಡಾದರೆ ತೂಕದ ಗುಂಡು ಕೈಯನ್ನು ಅಡ್ಡಕ್ಕೇ ತರುತ್ತದೆ.

ಆ ಹಿಮದಲ್ಲಿ ಲಿವರ್ ಹಾಕಿ ಎಲ್ಲ ಸರಿಯಿದೆ ಅಂದುಕೊಂಡವನ ಬಗ್ಗೆಯೇ ಯೋಚಿಸುತ್ತಿದ್ದೆ. ಗಾಡಿ ಯಾವಾಗ ಹೊರಟಿತೋ ಗೊತ್ತಾಗಲಿಲ್ಲ.