ಡಿಎಲ್ಎಲ್ ಸಿಗಲಿಲ್ಲ ಅಂದರೆ ಏನು ಮಾಡಬೇಕು?

‘ಗೇಮ್ ತೆರೆದರೆ ವಿಸಿರನ್‌ಟೈಮ್140 ಡಿಎಲ್ಎಲ್ ಸಿಗಲಿಲ್ಲ ಅಂತ ಬರುತ್ತದೆ, ಆ ಫೈಲ್ ಎಲ್ಲಿ ಡೌನ್‌ಲೋಡ್ ಮಾಡಲಿ?’ ವಿಂಡೋಸ್ ಇಟ್ಟುಕೊಂಡವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಎಲ್ಲಿಂದಲೂ ಬೇಡ ಅನ್ನುವುದೇ ನನ್ನ ಉತ್ತರ. ಬಿಡಿ ಫೈಲ್ ಹುಡುಕಬೇಡಿ, ಅದು ಯಾವ ಪ್ಯಾಕೇಜಿನದು ಅಂತ ನೋಡಿ.

ಡಿಎಲ್ಎಲ್ ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್. ಅದು ಯಾರದ್ದು ಅನ್ನುವ ಸುಳಿವು ಸಾಮಾನ್ಯವಾಗಿ ಹೆಸರಲ್ಲೇ ಇರುತ್ತದೆ. ವಿಸಿರನ್‌ಟೈಮ್140, ಎಂಎಸ್‌ವಿಸಿಪಿ140 ಎರಡೂ ಮೈಕ್ರೋಸಾಫ್ಟಿನ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್‌ನವು, 2015ರಿಂದ ಈಚಿನವು. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳು ಓಡಲು ಬೇಕಾದ ಫೈಲುಗಳ ಪ್ಯಾಕೇಜ್ ಅದು. ಕೊನೆಯಲ್ಲಿ 120 ಇದ್ದರೆ 2013ರ ಪ್ಯಾಕೇಜ್, 100 ಇದ್ದರೆ 2010ರದ್ದು. ಹೊಸದು ಹಾಕಿದೆ, ಹಳೆಯದು ಯಾಕೆ ಅಂತ ಬಿಡಬೇಡಿ, ಇವು ಒಂದರ ಬದಲು ಇನ್ನೊಂದು ಕೆಲಸ ಮಾಡುವುದಿಲ್ಲ. ಡಿ3ಡಿಎಕ್ಸ್9 ಅಂತ ಶುರುವಾಗುವ ಹೆಸರು ಬಂದರೆ ಅದು ಹಳೆಯ ಡೈರೆಕ್ಟ್‌ಎಕ್ಸ್‌ನದು, ಅಂದರೆ ಗೇಮುಗಳ ಗ್ರಾಫಿಕ್ಸ್‌ಗೆ ಬೇಕಾದ ಸಾಫ್ಟ್‌ವೇರ್‌ನದು. ವಿಂಡೋಸ್ 10, 11ರ ಜೊತೆ ಅದು ಬರುವುದಿಲ್ಲ, ಮೈಕ್ರೋಸಾಫ್ಟಿನ ಜೂನ್ 2010ರ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಬೇರೆಯಾಗಿ ಹಾಕಬೇಕು.

‘ರೀಡಿಸ್ಟ್ರಿಬ್ಯೂಟಬಲ್ ಆಗಲೇ ಇದೆ, ಆದರೂ ಬರುತ್ತಿದೆ’ ಅನ್ನುವವರೂ ಇದ್ದಾರೆ. ಎಕ್ಸ್64, ಅಂದರೆ 64 ಬಿಟ್‌ನದು ಮಾತ್ರ ಹಾಕಿದ್ದೀರಾ ನೋಡಿ. ನಿಮ್ಮ ವಿಂಡೋಸ್ 64 ಬಿಟ್ ಇರಬಹುದು, ಆದರೆ ಪ್ರೋಗ್ರಾಂ 32 ಬಿಟ್ ಆಗಿದ್ದರೆ ಅದಕ್ಕೆ ಎಕ್ಸ್86 ಪ್ಯಾಕೇಜೇ ಬೇಕು, ಹಾಗಾಗಿ ಎರಡನ್ನೂ ಹಾಕಿಬಿಡಿ. ಇಲ್ಲಾಂದ್ರೆ ನಿಮ್ಮಲ್ಲಿರುವುದು ಹಳೆಯ ಆವೃತ್ತಿ ಇರಬಹುದು. ವಿಸಿರನ್‌ಟೈಮ್140_1 ಅನ್ನುವ ಫೈಲ್ ಸೇರಿದ್ದೇ 2019ರ ಆವೃತ್ತಿಯಿಂದ.

ಬಿಡಿ ಡಿಎಲ್ಎಲ್ ಕೊಡುವ ಸೈಟುಗಳಿಂದ ತಂದು ವಿಂಡೋಸಿನ ಸಿಸ್ಟಮ್32 ಫೋಲ್ಡರಿಗೆ ಹಾಕಿದರೆ ಏನಾಗುತ್ತದೆ? ಒಳಗೆ ವೈರಸ್ ಇದೆಯೋ ಯಾರಿಗೆ ಗೊತ್ತು. ಅದಿಲ್ಲದಿದ್ದರೂ 32, 64 ಅದಲುಬದಲಾಗಿ 0ಎಕ್ಸ್‌ಸಿ000007ಬಿ ಅನ್ನುವ ಇನ್ನೊಂದು ಎರರ್ ಬರಬಹುದು. ಯಾಕಂದ್ರೆ 64 ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32 ಒಳಗಿರುವುದು 64 ಬಿಟ್ ಫೈಲುಗಳು, 32 ಬಿಟ್‌ನವು ಸಿಸ್‌ವಾವ್64 ಒಳಗೆ! ಇಂಥ ಹೆಸರು ಇಟ್ಟರೆ ಜನ ಎಡವದೆ ಇರುತ್ತಾರಾ?

ಹೆಸರು ಗುರುತು ಸಿಗದಿದ್ದರೆ ಅದು ಆ ಪ್ರೋಗ್ರಾಮಿನದೇ ಫೈಲ್ ಇರಬಹುದು. ಆಂಟಿವೈರಸ್ ಅನುಮಾನದ ಫೈಲುಗಳನ್ನು ಬೇರೆ ಇಡುವ ಕ್ವಾರಂಟೈನ್‌ನಲ್ಲಿ ಅದು ಸಿಕ್ಕಿಕೊಂಡಿದೆಯಾ ಒಮ್ಮೆ ನೋಡಿ, ಆಮೇಲೆ ಪ್ರೋಗ್ರಾಂ ತೆಗೆದು ಮತ್ತೆ ಹಾಕಿ. ಕ್ರ್ಯಾಕ್ ಮಾಡಿದ ಗೇಮ್ ಆದರೆ ನನ್ನನ್ನು ಕೇಳಬೇಡಿ. ಸುಮ್ನೆ ಎಲ್ಲದಕ್ಕೂ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಅನ್ನುವ ವಿಂಡೋಸ್ ರಿಪೇರಿ ಕಮಾಂಡ್ ಓಡಿಸುವವರಿದ್ದಾರೆ. ಅದು ರಿಪೇರಿ ಮಾಡುವುದು ವಿಂಡೋಸಿನ ಸ್ವಂತ ಫೈಲುಗಳನ್ನು ಮಾತ್ರ, ನಿಮ್ಮ ಗೇಮಿನ ಫೈಲನ್ನು ಅದು ಎಲ್ಲಿಂದ ತರಬೇಕು, ಅಲ್ವಾ?