ತೋಟಕ್ಕೆ ವಿಮೆ ಇದೆ, ಮರ ಹತ್ತುವವರಿಗೆ?

ಶಿರಸಿ ಕಡೆ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಮೇ ತಿಂಗಳು ಬಂದರೆ ಖರ್ಚು ಶುರು. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ, ಪಂಪಿಗೆ ಪೆಟ್ರೋಲ್, ಕೂಲಿ. ಕೊಳೆ ರೋಗ ಬಾರದಂತೆ ಹೊಡೆಯುವ ಔಷಧಿಗೆ, 200 ಲೀಟರ್ ನೀರಿನ ಡ್ರಮ್ಮಿಗೆ 2 ಕೆಜಿ ಮೈಲುತುತ್ತ, 2 ಕೆಜಿ ಸುಣ್ಣ. ನಮ್ಮ ಮಾವನವರು ಹೇಳಿಕೊಟ್ಟ ಅಳತೆ, ಇವತ್ತಿಗೂ ಅದೇ. ಅಂಗಡಿಯ ಬಿಲ್ಲು ಮಾತ್ರ ವರ್ಷ ವರ್ಷ ಏರುತ್ತದೆ.

ಮಳೆ ಹಿಡಿಯುವ ಮೊದಲು ಒಮ್ಮೆ ಔಷಧಿ ಹೊಡೆಯಬೇಕು. 40-45 ದಿನ ಬಿಟ್ಟು ಇನ್ನೊಮ್ಮೆ. ಎರಡನೆಯದಕ್ಕೆ ಜುಲೈ ಕೊನೆಯ ಪುಷ್ಯ ಮಳೆ ಹೊಳವಾಗುವುದನ್ನೇ, ಅಂದರೆ ಬಿಡುವು ಕೊಡುವುದನ್ನೇ ಕಾಯಬೇಕು. ತಪ್ಪಿದರೆ ಕೊಳೆ ರೋಗ. ಬೆಳಿಗ್ಗೆ ಹೋಗಿ ನೋಡಿದರೆ ಮರದ ಬುಡದ ತುಂಬ ಹಸಿ ಕಾಯಿ.

ಕಳೆದ ವರ್ಷ ಹಾಗೇ ಆಯಿತು. ನಮ್ಮ ಕೊನೆಗೌಡರು, ಅಂದರೆ ಮರ ಹತ್ತಿ ಔಷಧಿ ಹೊಡೆಯುವವರು, ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಜಾರಿ ಬಿದ್ದರು. ಪಾಚಿ ಕಟ್ಟಿದ ಮರ. ಪುಣ್ಯಕ್ಕೆ ಅಷ್ಟು ಎತ್ತರವಿರಲಿಲ್ಲ, ಆದರೂ ಭುಜದ ಮೂಳೆ ಮುರಿಯಿತು. ಮೂರು ತಿಂಗಳು ಅವರಿಗೆ ಕೆಲಸವಿಲ್ಲ. ಆಸ್ಪತ್ರೆ ಖರ್ಚು ನಾವು ಕೊಟ್ಟೆವು. ಕೂಲಿ ಹೋದದ್ದು ಅವರಿಗೇ ಹೋಯಿತು. ಉಳಿದ ಮರಗಳಿಗೆ ಔಷಧಿ ಬೀಳಲೇ ಇಲ್ಲ.

ಆ ರಾತ್ರಿ ವಿಮೆಯ ರಸೀದಿಗಳನ್ನು ತೆಗೆದು ಕೂತೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ. ರೈತರು ಕಟ್ಟುವ ಕಂತು ಅದರ ಶೇ. 5, ಅಂದರೆ 6,400. ನಮ್ಮ ತೋಟಕ್ಕೆ ಸುಮಾರು 3,900 ಕಟ್ಟಿದ್ದೆವು. ಆ ವಿಮೆಯೂ ಮಳೆ ಮಾಪಕದ ಲೆಕ್ಕದ ಮೇಲೆ ನಿಂತದ್ದು. ಕೊಳೆತ ಕಾಯಿಯನ್ನು ಯಾರೂ ಬಂದು ಎಣಿಸುವುದಿಲ್ಲ. ಇರಲಿ, ತೋಟಕ್ಕೆ ಅಷ್ಟಾದರೂ ಇತ್ತು. ಮರ ಹತ್ತುವವರ ಹೆಸರಲ್ಲಿ ಒಂದು ಚೀಟಿಯೂ ಇರಲಿಲ್ಲ. ಇಷ್ಟು ವರ್ಷ ನನಗೆ ಅದು ಹೊಳೆಯಲೇ ಇಲ್ಲವಲ್ಲ ಎಂದು ತುಂಬ ಬೇಸರವಾಯಿತು.

ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಸಾಕು. ಜೂನ್ 1ರಿಂದ ಮೇ 31ರವರೆಗೆ. ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಒಂದು ಕೈಯೋ ಕಾಲೋ ಶಾಶ್ವತವಾಗಿ ಹೋದರೆ 1 ಲಕ್ಷ. ಮುರಿದ ಭುಜ ಕೂಡಿಕೊಂಡರೆ ಏನೂ ಇಲ್ಲ. ಹಾಗಾಗಿ ಈ ಸಲ ಅದರ ಜೊತೆಗೆ ಆಸ್ಪತ್ರೆ ಖರ್ಚು ಕೊಡುವ ಅಪಘಾತ ವಿಮೆಯನ್ನೂ ನಾವೇ ಮಾಡಿಸಿದೆವು. ಮೈಲುತುತ್ತದ ಬಿಲ್ಲಿನ ಮುಂದೆ ಅದು ಏನೂ ಅಲ್ಲ. ಅರ್ಜಿ ತುಂಬುವಾಗ ಕೊನೆಗೌಡರು ಕೇಳಿದ್ದು ಒಂದೇ, "ಅಮ್ಮಾ, ನಾಮಿನಿ ಅಂದ್ರೆ ಮಗಳ ಹೆಸರು ಹಾಕ್ಬೋದಾ?"

ಕೊನೆಗೌಡರ ಕೂಲಿ ಜಾಸ್ತಿಯಾಯಿತು ಎಂದು ಊರಲ್ಲಿ ಮಾತು ಕೇಳುತ್ತಲೇ ಇರುತ್ತೇನೆ. ನನಗೆ ಅದು ಜಾಸ್ತಿ ಅನ್ನಿಸುವುದಿಲ್ಲ. ಅವರ ಮಗಳಂತೂ ಓದುತ್ತಿದ್ದಾಳೆ, ಈ ಕೆಲಸಕ್ಕೆ ಬರುವುದಿಲ್ಲ. ನೆಲದ ಮೇಲೆ ನಿಂತೇ ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಗೆ ಹತ್ತಾರು ಸಾವಿರ ಬೇಕು. ಪಕ್ಕದ ಇಬ್ಬರ ಜೊತೆ ಸೇರಿ ತೆಗೆದುಕೊಳ್ಳುವ ಮಾತು ನಡೆದಿದೆ.

ಮರ ಒದ್ದೆ ಇದ್ದರೆ ಹತ್ತುವುದು ಬೇಡ ಎಂದು ಈ ವರ್ಷ ಹೇಳಿಬಿಟ್ಟಿದ್ದೇನೆ, ಕಾಯಿ ಉದುರಿದರೂ ಸರಿ. ಮೂರು ದಿನದಿಂದ ಹೊಳವಾಗಿಲ್ಲ. ಕಲಸಿದ ಔಷಧಿಯನ್ನು ಅವತ್ತೇ ಮುಗಿಸಬೇಕು, ಅದಕ್ಕೇ ಮೈಲುತುತ್ತದ ಚೀಲ ಇನ್ನೂ ಬಿಚ್ಚಿಲ್ಲ.